ಬೆಳ್ಳಿಮಸಿ

ಬೇಸಿಗೆ ಈ ಸಲ ಶೆಡ್ಡಿನ ತಗಡಿನೊಳಗೇ ಹೊಕ್ಕು ಕೂತುಬಿಟ್ಟಿತ್ತು. ಬೆಳಿಗ್ಗೆ ಬೀಗ ತೆಗೆಯುವ ಹೊತ್ತಿಗೇ ಮಾಡು ಟಿಣ್ ಟಿಣ್ ಎಂದು ಹಿಗ್ಗತೊಡಗುತ್ತಿತ್ತು. ಬಿಸಿಲು ನೆತ್ತಿಗೇರುವಷ್ಟರಲ್ಲಿ ಆ ಸದ್ದೂ ಅಡಗಿ, ಬೆಂದ ರಬ್ಬರು, ಹಸಿ ಬಣ್ಣ, ಹಳೆ ಡೀಸೆಲ್ಲು, ಗಂಡಸರ ಕಂಕುಳು ಎಲ್ಲ ಕಲಸಿ ಒಂದೇ ಹಳಸಿದ ಉಸಿರಾಗಿ ಒಳಗೆ ನಿಲ್ಲುತ್ತಿತ್ತು. ಗಾಳಿ ಮೇಸ್ತ್ರಿ ಲಾರಿಯ ಮೂತಿಯೊಳಕ್ಕೆ ಸೊಂಟದವರೆಗೆ ಬಗ್ಗಿ, ರೇಡಿಯೇಟರಿನ ಮುಂದೆ, ಏಸಿ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರನ್ನು ಕೂರಿಸಿ ಬೋಲ್ಟು ಬಿಗಿಯುತ್ತಿದ್ದ. ಮೂಗಿನ ತುದಿಯಿಂದ ಬೆವರು ಹನಿಹನಿಯಾಗಿ ಅದರ ತೆಳು ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿದ್ದು, ಬಿದ್ದಲ್ಲೇ ಬೂದು ಕಲೆಯಾಗಿ ಆರುತ್ತಿತ್ತು. ತನ್ನದೇ ಬೆವರು, ಆದರೂ ಯಾರೋ ಉಗುಳಿ ಹೋದಂತೆ ಕಂಡಿತು. ಕಾರು, ಬಸ್ಸು, ಲಾರಿಗಳಿಗೆ ಏಸಿ ಕೂರಿಸುವುದು ಅವನ ಕಸುಬು; ಆ ಹೆಸರು ಬಂದದ್ದು ಅದರಿಂದಲೇ. “ಊರಿನವರ ಬೆವರೆಲ್ಲ ಆರಿಸ್ತೀರಿ, ನೀವು ಬಗ್ಗಿದ್ರೆ ಮಾತ್ರ ರೇಡಿಯೇಟರ್ರೇ ಮೂಗು ಮುಚ್ಕೊಳ್ಳುತ್ತಲ್ಲ ಮೇಸ್ತ್ರಿ,” ಎಂದು ಬೆಳಿಗ್ಗೆ ವೆಲ್ಡರ್ ನಕ್ಕಿದ್ದ. ಇವನೂ ನಕ್ಕಿದ್ದ. ಎಲ್ಲರಿಗಿಂತ ಮೊದಲು ತಾನೇ ನಕ್ಕೆನಲ್ಲ ಎಂಬುದು ಈಗ ನೆನಪಾಗಿ, ಬಾಯಲ್ಲಿ ಹಳೆ ಚಮಚ ನೆಕ್ಕಿದ ರುಚಿ ಬಂತು.

ಲಾರಿ ಹಳೆಯ ಕಾಲದ್ದು, ದುಂಡು ಮೂತಿಯದು, ಹೆಗಲ ಮೇಲೆ ದೊಡ್ಡ ಮಡ್‌ಗಾರ್ಡ್ ಹೊತ್ತದ್ದು. ಅದರ ಯಜಮಾನ ಒಬ್ಬ ಮುದುಕ ಡ್ರೈವರ್. ಜೀವಮಾನವೆಲ್ಲ ಇದರಲ್ಲೇ ಸರಕು ಹೊತ್ತು, ಕೊನೆಗೆ ಇದನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ಈ ಶೆಡ್ಡಿಗೆ ತಂದು ಭಾವನ ಕೈಗೆ ಒಪ್ಪಿಸಿದ್ದ. ಭಾವ, ಅಂದರೆ ಗಾಳಿ ಮೇಸ್ತ್ರಿಯ ಹೆಂಡತಿಯ ಅಣ್ಣ, ಈ ಶೆಡ್ಡಿನ ಒಡೆಯರು, ಲಾರಿಯ ಮೈ ಕಟ್ಟುವುದರಲ್ಲಿ ಎತ್ತಿದ ಕೈ. ಅವರು ಸರಕಿನ ತೊಟ್ಟಿ ಕಿತ್ತು ಅಲ್ಲಿ ಒಂದು ಕೋಣೆ ಕಟ್ಟಿದ್ದರು. ಮಂಚ, ಕಿಟಕಿ, ಹಿಡಿದು ಏಳಲು ಸರಳು. ಹಳೆ ಎಂಜಿನ್ ತೆಗೆದು ಅದಕ್ಕಿಂತ ದೊಡ್ಡದನ್ನು ತುರುಕಿದ್ದರಿಂದ ಮೂತಿಯೊಳಗೆ ಕೈಬೆರಳು ಆಡಿಸಲೂ ಜಾಗ ಉಳಿದಿರಲಿಲ್ಲ. ಇಂಥ ಗಾಡಿಗೆ ಅಂಗಡಿಯಲ್ಲಿ ಸಿಗುವ ಏಸಿ ಸೆಟ್ಟು ಕೂರುವುದಿಲ್ಲ, ಎಲ್ಲವನ್ನೂ ಅಳೆದು ಮಾಡಬೇಕು. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿಗೆ ಎಂಜಿನ್ನಿನ ಪಕ್ಕೆಯಲ್ಲಿ ಹೊಸ ಬ್ರಾಕೆಟ್ಟು, ಬೆಲ್ಟು ಓರೆಯಾಗದಂತೆ ದಾರ ಹಿಡಿದು ನೋಡಿದ್ದ. ಡ್ಯಾಶ್‌ಬೋರ್ಡಿನ ಕೆಳಗೊಂದು ಕೂಲಿಂಗ್ ಕಾಯಿಲ್, ಹಿಂದಿನ ಕೋಣೆಯಲ್ಲಿ ಮಂಚದ ತಲೆಯ ಕಡೆ ಇನ್ನೊಂದು. ಎರಡಕ್ಕೂ ಪೈಪುಗಳನ್ನು ಸೈಲೆನ್ಸರಿನ ಬಿಸಿ ತಾಗದಂತೆ ಚಾಸಿಯ ಒಳಮೈಗೆ ಒರಗಿಸಿ ಒಯ್ದಿದ್ದ. ಆ ಕೆಲಸ ಮಾಡುವಾಗ ಅವನಿಗೆ ಮೈಮರೆತಿತ್ತು. ಹಗ್ಗ ಹೊಸೆಯುವವನ ಕೈ ತಾನೇ ತಾನಾಗಿ ಓಡುವ ಹಾಗೆ. ಹಾಗೆ ಮೈಮರೆತದ್ದಕ್ಕೇ ಎಲ್ಲ ಕೆಟ್ಟಿತು ಅನ್ನಿಸಿ, ಈಗ ಆ ಸುಖದ ನೆನಪೂ ಹೇಸಿಗೆಯಾಗಿತ್ತು.

ಏಸಿ ಇಷ್ಟು ಬಲವಾಗಿ ಬೇಕಾದದ್ದು ಮುದುಕನ ಹೆಂಡತಿಗೆ. ಆಕೆಗೆ ಮೈ ಬೆವರದ ಕಾಯಿಲೆ. ಬೆವರದ ಮೈ ಹೊರಗಿನ ಬಿಸಿಯನ್ನೆಲ್ಲ ಒಳಗೇ ಕೂಡಿಸಿಕೊಂಡು ಕೈಕಾಲು ಸೋಲುತ್ತವೆ, ನಾಲಿಗೆ ತೊದಲುತ್ತದೆ, ಆಮೇಲೆ ಪ್ರಜ್ಞೆ ಹೋಗುತ್ತದೆ. ಬೇಸಿಗೆ ಬಂತೆಂದರೆ ಒಂದೇ ತಂಪು ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರಬೇಕು. ಈಗ ಬಯಲುಸೀಮೆಯ ಆಚೆ ಇರುವ ಮಗಳಿಗೆ ದಿನ ತುಂಬಿದೆ. ತಾಯಿಯನ್ನು ಕರೆದೊಯ್ಯಬೇಕು, ದಾರಿಯುದ್ದಕ್ಕೂ ಮರವಿಲ್ಲ, ನೆರಳಿಲ್ಲ, ಊರಿಂದೂರಿಗೆ ಅರ್ಧ ದಿನದ ದೂರ. “ಆ ಬಯಲಲ್ಲಿ ಇದು ನಿಂತ್ರೆ ನಾನು ಇವಳನ್ನ ಎಲ್ಲಿ ಮಲಗಿಸ್ಲಿ ಮೇಸ್ತ್ರಿ? ಲಾರಿ ಕೆಳಗಾ?” ಎಂದು ಮೊದಲ ದಿನವೇ ಮುದುಕ ಕೇಳಿದ್ದ. “ನಿಲ್ಲಲ್ಲ ಯಜಮಾನ್ರೇ,” ಎಂದಿದ್ದ ಇವನು, ಕೈ ಒರೆಸಿಕೊಳ್ಳುತ್ತ, ದೊಡ್ಡ ಮನುಷ್ಯನ ಹಾಗೆ.

ನಿಂತಿತ್ತು. ಶೆಡ್ಡಿನಲ್ಲೇ, ಮೊದಲ ಸಲ ಓಡಿಸಿದಾಗಲೇ. ಹೊಸ ಕಂಪ್ರೆಸರಿನ ಹೊಟ್ಟೆಯಲ್ಲಿ ಕಂಪನಿಯವರು ಹಾಕಿದ ಎಣ್ಣೆ ಇರುತ್ತದೆ. ಅದನ್ನು ಪೂರಾ ಬಗ್ಗಿಸಿ, ಅಳೆದು, ಉದ್ದ ಪೈಪಿಗೆ ಬೇಕಾದಷ್ಟು ಸೇರಿಸಿ ತಿರುಗಿ ಹಾಕುವುದು ಅವನು ಕಲಿತ ರೀತಿ. ಬಗ್ಗಿಸಿದ. ಅಳತೆಯ ಗಾಜಿನ ಲೋಟ ಕಣ್ಣೆತ್ತರಕ್ಕೆ ಹಿಡಿದು ನೋಡಿದ. ಅಷ್ಟರಲ್ಲಿ ಫೋನು. ಹೆಂಡತಿ. “ಅಣ್ಣ ಊಟ ಮಾಡಿದ್ನಾ? ಅವನ ಫೋನು ಹೋಗ್ತಿಲ್ಲ. ಹೋಗಿ ನೋಡಿ ಹೇಳ್ರೀ.” ಲೋಟವನ್ನು ಗೋಡೆಯ ಹಲಗೆಯ ಮೇಲಿಟ್ಟು, ಭಾವ ಉಂಡರೋ ಇಲ್ಲವೋ ನೋಡಲು ಹೋದ. ಉಂಡಿದ್ದರು. ಹಾಗೆಂದು ಹೆಂಡತಿಗೆ ಹೇಳಿ, ಬಂದವನು ಕಂಪ್ರೆಸರನ್ನು ಎತ್ತಿ ಬ್ರಾಕೆಟ್ಟಿಗೆ ಕೂರಿಸಿ, ಬೆಲ್ಟು ಹಾಕಿ, ಪೈಪು ಬಿಗಿದು, ಗ್ಯಾಸು ತುಂಬಿಸಿ ಎಂಜಿನ್ ಶುರು ಮಾಡಿಸಿದ. ಸ್ವಲ್ಪ ಹೊತ್ತು ತಂಪು ಬಂತು. ವೆಲ್ಡರ್ ಒಳಗೆ ಕೂತು “ಆಹಾ, ಮಾವನ ಮನೆ!” ಎಂದು ಕಾಲು ಚಾಚಿದ. ಆಮೇಲೆ ಮುದಿ ನಾಯಿ ಗುರುಗುಟ್ಟಿದಂಥ ಒಂದು ಸದ್ದು, ಅದರ ಹಿಂದೆಯೇ ಒಂದು ಕಿರುಚು, ಬೆಲ್ಟು ಸುಟ್ಟ ಹೊಗೆ. ಕಂಪ್ರೆಸರ್ ತಿರುಗಲಾರದೆ ಒಳಗೇ ಕಚ್ಚಿಕೊಂಡಿತ್ತು. ಪೈಪು ಬಿಚ್ಚಿ ಬೆರಳಿಟ್ಟು ನೋಡಿದರೆ ಕಪ್ಪನೆಯ ಲೋಳೆ, ಅದರೊಳಗೆ ಮಿಣಮಿಣ ಹೊಳೆಯುವ ಪುಡಿ. ಎಣ್ಣೆ ಸಿಗದೆ ಲೋಹ ಲೋಹವನ್ನೇ ತಿಂದು ಕಾರಿದ್ದು. ಕಸುಬಿನವರು ಅದಕ್ಕೆ ಬೆಳ್ಳಿಮಸಿ ಅನ್ನುತ್ತಾರೆ. ಅವನ ಕಣ್ಣು ತಾನಾಗಿಯೇ ಗೋಡೆಯ ಹಲಗೆಗೆ ಹೋಯಿತು. ಲೋಟದಲ್ಲಿ ಎಣ್ಣೆ ತಣ್ಣಗೆ ಕೂತಿತ್ತು, ಜೇನಿನ ಬಣ್ಣದ್ದು, ಅದರ ಮೇಲೊಂದು ನೊಣ ಕಾಲು ಬಡಿಯುತ್ತ.

ಭಾವನೂ ಅಲ್ಲೇ ನೋಡುತ್ತಿದ್ದರು.  ನಿಧಾನವಾಗಿ ಹೋಗಿ ಲೋಟ ಎತ್ತಿ, ಹಿತ್ತಿಲ ಬಾಗಿಲಿಂದ ಎಣ್ಣೆಯನ್ನು ಮಣ್ಣಿಗೆ ಚೆಲ್ಲಿ, ತಮ್ಮ ಅಂಗಿಯ ತುದಿಯಿಂದಲೇ ಒಳಹೊರಗೆ ಒರೆಸಿ, ಹಲಗೆಯ ಮೇಲೆ ಬೋರಲು ಹಾಕಿದರು. ಆಮೇಲೆ ಮುದುಕನಿಗೆ ಫೋನು ಮಾಡಿ, “ಬಂದ ಮಾಲೇ ಸರಿ ಇಲ್ಲ ಯಜಮಾನ್ರೇ, ಈಗಿನ ಕಂಪನಿಗಳೇ ಹಾಗೆ. ಬೇರೆ ತರಿಸ್ತೀನಿ, ಅದು ನನ್ನ ಮೇಲಿರ್ಲಿ,” ಎಂದರು. ಬೇರೆ ಕಂಪ್ರೆಸರ್ ಬಂತು. ಅವನು ಅದಕ್ಕೆ ಎಣ್ಣೆ ಹಾಕಿದ, ಎರಡು ಸಲ ಇಣುಕಿ ನೋಡಿದ. ಆದರೆ ಆ ಹೊತ್ತಿನಿಂದ ಬೋರಲು ಹಾಕಿದ ಲೋಟ ಅವನ ಬೆನ್ನ ಹಿಂದೆ ಕೂತಿದೆ. ಯಾರೂ ಅದನ್ನು ಮುಟ್ಟಿಲ್ಲ.

ಬೋಲ್ಟು ಕೊನೆಗೂ ಹಿಡಿಯಿತು. ಅವನು ಮೂತಿಯೊಳಗಿಂದ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡ. ಪೈಪುಗಳನ್ನು ದ್ರಾವಣ ಹಾಕಿ ತೊಳೆದಾಗಿತ್ತು; ಅವು ಸುರಂಗದ ಹಾಗೆ ಸಲೀಸು, ಕೊಳೆ ಹೋಗುತ್ತದೆ. ಕೂಲಿಂಗ್ ಕಾಯಿಲ್‌ಗಳೂ ತೊಳೆದವು. ಗ್ಯಾಸು ಸೋಸುವ ಡ್ರೈಯರ್ ಹೊಸದೇ ಹಾಕಿದ್ದ. ಕಂಡೆನ್ಸರ್ ಮಾತ್ರ ಹಾಗಲ್ಲ. ಅದರೊಳಗೆ ಕೂದಲೆಳೆಯಂಥ ನಾಳಗಳು, ಸಾಲುಸಾಲು; ಒಂದರೊಳಗೆ ಮಸಿ ಕೂತರೆ ದ್ರಾವಣ ಪಕ್ಕದ ನಾಳದಲ್ಲಿ ಹರಿದು ಹೋಗುತ್ತದೆ, ಮಸಿ ಕೂತಲ್ಲೇ ಕೂತಿರುತ್ತದೆ. ನಿನ್ನೆಯೆಲ್ಲ ತೊಳೆದಿದ್ದ. ಪ್ರತಿ ಸಲವೂ ಕೆಳಗೆ ಹಿಡಿದ ಬಿಳಿ ಬಟ್ಟೆಯ ಮೇಲೆ ಹನಿ ಆರಿದ ಮೇಲೆ ಅದೇ ಮಿನುಗು. ಕೊನೆಗೆ ಬಟ್ಟೆ ಮಡಿಸಿ ಜೇಬಿಗೆ ಹಾಕಿಕೊಂಡಿದ್ದ. ಈ ಮಸಿ ಗ್ಯಾಸಿನ ಜೊತೆ ಸುತ್ತುತ್ತ ಹೊಸ ಕಂಪ್ರೆಸರನ್ನೂ ಅರೆಯುತ್ತದೆ, ಇಲ್ಲಿ ಅಲ್ಲ, ನಾಳೆಯಲ್ಲ. ಸರಿಯಾಗಿ ಆ ಬಯಲಿನ ನಡುವೆ ಎಲ್ಲೋ. ಇದು ಅವನಿಗೆ ಹಸಿವೆಯಷ್ಟು ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದೂ ಬೋಲ್ಟು ಬಿಗಿದಿದ್ದ.

“ಗಾಳೀ, ಬಾ ಮಾರಾಯ, ಒಂಚೂರು ತಿನ್ನು,” ಎಂದು ಭಾವ ಕರೆದರು. ಟೈರಿನ ಮೇಲೆ ಕೂತು ತೊಡೆಯ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡಿದ್ದರು. ಬೇಯಿಸಿದ ಮೊಟ್ಟೆ ಅವರ ಚಟ. ಹಸಿವಾದಾಗ, ಸಿಟ್ಟು ಬಂದಾಗ, ಖುಷಿಯಾದಾಗ ಒಂದೊಂದು. ಗ್ರೀಸು ಹತ್ತಿದ ಹೆಬ್ಬೆರಳಿನಿಂದ ಸಿಪ್ಪೆ ಸುಲಿದು, ಎರಡಾಗಿ ಮುರಿದು, ಅರ್ಧವನ್ನು ಇವನ ಮುಂದೆ ಹಿಡಿದರು. ಬಿಳಿಯ ಮೇಲೆ ಹೆಬ್ಬೆರಳಿನ ಗೆರೆಗಳೆಲ್ಲ ಅಚ್ಚಾಗಿ ಮೂಡಿದ್ದವು. ಈ ಶೆಡ್ಡಿಗೆ ಬಂದ ಮೊದಲ ದಿನದಿಂದ ಈ ಅರ್ಧ ಮೊಟ್ಟೆ. ಹಿಂದಿನ ಕಡೆ ಕೆಲಸ ಹೋಗಿ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾಗ, ಭಾವ ಬಂದು, “ನಮ್ಮ ಶೆಡ್ಡಲ್ಲಿ ಒಂದು ಮೂಲೆ ಖಾಲಿ ಇದೆ, ಬಂದು ಕೂತ್ಕೋ,” ಎಂದಿದ್ದರು. ಕೂತ್ಕೋ ಅಂದಿದ್ದರು, ಕೆಲಸ ಮಾಡು ಅಂದಿರಲಿಲ್ಲ. ಅವನು ಮೊಟ್ಟೆ ತೆಗೆದುಕೊಂಡು, ಗುರುತು ಕಾಣದ ಕಡೆಯಿಂದ ಕಚ್ಚಿದ. ಆದರೂ ಗ್ರೀಸಿನ ವಾಸನೆ ಗಂಟಲಿಗೆ ಹತ್ತಿತು.

“ತೊಳೆದ್ಯಾ ಎಲ್ಲಾ?”

“ತೊಳೆದೆ ಭಾವ.”

“ಹಾಗಾದ್ರೆ ಸಂಜೆಗೆ ಗ್ಯಾಸು ತುಂಬ್ಸಿಬಿಡು. ಯಜಮಾನ್ರು ಬರ್ತಾರೆ, ಅಮ್ಮನೂ ಬರ್ತಾರಂತೆ ನೋಡೋದಕ್ಕೆ. ನಾಳೆ ಬೆಳಿಗ್ಗೆ ಹೊರಡ್ಲಿ ಪಾಪ.”

ಅವನು ಬಾಯಲ್ಲಿದ್ದದ್ದನ್ನು ನುಂಗಿದ. ಹಳದಿ ಪುಡಿಪುಡಿಯಾಗಿ ಅಂಗುಳಿಗೆ ಮೆತ್ತಿಕೊಂಡಿತು. “ಕಂಡೆನ್ಸರ್ ಒಂದು ಹೊಸದು ಹಾಕಿದ್ರೆ ಒಳ್ಳೇದಿತ್ತೇನೋ.”

“ಯಾಕೆ? ತೊಳೆದೆ ಅಂದ್ಯಲ್ಲ.”

“ತೊಳೆದೆ... ಆದ್ರೂ.”

ಭಾವ ಡಬ್ಬಿಯ ಮುಚ್ಚಳ ಹಾಕಿದರು. ದನಿ ಏರಲಿಲ್ಲ. ಏರಿದ್ದರೆ ಸುಲಭವಿತ್ತು. “ನೋಡು, ಆ ಮೂತಿಗೆ ಕೂರೋ ಅಳತೇದು ಮಾಡಿಸೇ ತರಿಸ್ಬೇಕು. ವಾರ ಆಗುತ್ತೆ, ಹೆಚ್ಚೇ ಆಗುತ್ತೆ. ಇಷ್ಟು ದಿನ ಚೆನ್ನಾಗಿದ್ದದ್ದು ಈಗ್ಯಾಕೆ ಬೇಡ ಅಂತ ಅವ್ರು ಕೇಳ್ತಾರೆ. ಕಂಪ್ರೆಸರ್ ಕೆಟ್ಟದ್ದು ಮಾಲಿನ ತಪ್ಪು ಅಂತ ಹೇಳಿದ್ದೀನಿ. ಮತ್ತೆ ಇದ್ಯಾಕೆ ಅಂದ್ರೆ ಏನ್ ಹೇಳ್ಲಿ? ಯಾರ ಕೈಯಿಂದ ಆಯ್ತು ಅಂತ ಹೇಳ್ಲಿ? ನೀನೇ ಹೇಳಿಕೊಡು, ಹಾಗೇ ಹೇಳ್ತೀನಿ.”

ವೆಲ್ಡರ್ ಆ ಕಡೆ ಮುಖ ಮಾಡಿ ನೀರು ಕುಡಿಯುತ್ತಿದ್ದ. ಅವನ ಗಂಟಲಮಣಿ ಏರಿಳಿಯುವುದು ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದ. “ಇಲ್ಲ ಬಿಡಿ,” ಎಂದ ಗಾಳಿ ಮೇಸ್ತ್ರಿ. “ಸುಮ್ನೆ ಅಂದೆ.” ಸುಮ್ನೆ ಅಂದೆ. ಈ ಎರಡು ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂದವು, ಹೇನು ತಲೆಯಿಂದ ಇಳಿದ ಹಾಗೆ. ನಿನ್ನೆ ಮನೆಯಲ್ಲೂ ಹೀಗೇ. ಹೆಂಡತಿ ಬಟ್ಟೆ ನೆನೆಸುತ್ತ ಅವನ ಅಂಗಿಯ ಜೇಬಿನಿಂದ ಆ ಬಿಳಿ ಬಟ್ಟೆ ತೆಗೆದು, “ಇದೇನ್ರೀ, ಮಿಂಚುತ್ತಲ್ಲ, ಯಾರ ಸೀರೇದು?” ಎಂದು ತಮಾಷೆ ಮಾಡಿದ್ದಳು. ಏನಿಲ್ಲ ಎಂದಿದ್ದ. ಅವಳು ಅದನ್ನು ಮಕ್ಕಳ ಬಟ್ಟೆಯ ಜೊತೆಗೇ ನೀರಿಗೆ ಅದ್ದಿದ್ದಳು. “ಅಣ್ಣ ಫೋನ್ ಮಾಡಿದ್ದ. ಗಾಳಿಗೆ ಬಯ್ಬೇಡ, ಅವನ ಮನಸ್ಸು ನೊಂದಿದೆ ಅಂದ. ಯಾಕೆ, ಏನಾಯ್ತು?” ಬಕೆಟ್ಟಿನ ನೀರು ಬೂದುಬಣ್ಣಕ್ಕೆ ತಿರುಗುವುದನ್ನು ನೋಡುತ್ತ ನಿಂತಿದ್ದ. ಅವಳು ಉತ್ತರಕ್ಕೆ ಕಾಯದೆ, “ಅವನಿಲ್ಲದಿದ್ರೆ ನಮ್ಮನ್ನ ಯಾರ್ ಕೇಳ್ತಿದ್ರು ಹೇಳಿ,” ಎಂದು ಹಿಂಡಿ ಹಾಕಿದ್ದಳು.

ಬಕೆಟ್ಟಿನ ಆ ನೀರು ಬೇರೊಂದು ನೀರಿಗೆ ಕರೆದೊಯ್ಯಿತು. ಹಳ್ಳಿಯ ಮನೆಯ ಹಿಂದಿನ ಬಾವಿ, ಇದೇ ತರದ ಬೇಸಿಗೆ, ನೀರು ತಳ ಸೇರಿತ್ತು. ಬೆಕ್ಕೊಂದು ಬಿದ್ದು ಸತ್ತು ಉಬ್ಬಿ ತೇಲುತ್ತಿತ್ತು. ಅಪ್ಪ ಬೆಳಗಿನ ಜಾವ ಯಾರೂ ಏಳುವ ಮೊದಲೇ ಬುಟ್ಟಿ ಇಳಿಸಿ ಅದನ್ನು ಎತ್ತಿ, ಬೇಲಿಯ ಬುಡದಲ್ಲಿ ಹೂತು, ಮೇಲೆ ತೇಲಿದ ರೋಮವನ್ನು ಜರಡಿಯಿಂದ ಬಳಿದು, ಸುಣ್ಣ ಹಾಕಿ ಮುಗಿಸಿದ್ದ. ಬೇರೆ ಬಾವಿ ಇರಲಿಲ್ಲ. “ಬಾಯಿ ಬಿಟ್ರೆ ನೋಡು,” ಎಂದಷ್ಟೇ ಪಕ್ಕದಲ್ಲಿ ನಿಂತಿದ್ದ ಪುಟ್ಟ ಮಗನಿಗೆ, ಇವನಿಗೆ, ಅಂದಿದ್ದ. ಪಕ್ಕದ ಮನೆಯ ಮುದುಕಿ ದಿನದಂತೆ ಬಂದು ಕೊಡ ಸೇದಿ, ಸೇದಿದವಳೇ ಬೊಗಸೆಯಲ್ಲಿ ಒಂದು ಗುಟುಕು ಕುಡಿದು, “ನಿಮ್ಮ ಬಾವಿ ನೀರು ಕುಡಿದ್ರೇನೇ ಜೀವಕ್ಕೆ ಸಮಾಧಾನ ಕಣೋ ಮಗಾ,” ಎಂದು ಅವನ ಕೆನ್ನೆ ಹಿಂಡಿದ್ದಳು. ಒದ್ದೆ ಬೆರಳು. ಆಕೆಗೆ ಏನೂ ಆಗಲಿಲ್ಲ, ಇನ್ನೂ ಎಷ್ಟೋ ವರ್ಷ ಬದುಕಿದಳು. ಆದರೆ ಅವಳು ಕುಡಿಯುವುದನ್ನು ನೋಡಿದ ಆ ಹೊತ್ತಿನಲ್ಲಿ ಅವನೊಳಗೆ ಎದ್ದದ್ದು ಅವಳ ಮೇಲಿನ ಅಸಹ್ಯ. ಅಪ್ಪನ ಮೇಲಿನದ್ದಲ್ಲ, ಬೆಕ್ಕಿನ ಮೇಲಿನದ್ದೂ ಅಲ್ಲ. ಗೊತ್ತಿಲ್ಲದೆ ಕುಡಿದು ಸುಖಪಟ್ಟವಳ ಮೇಲೆ. ಅದು ಯಾಕೆ ಎಂದು ಅವನಿಗೆ ಇವತ್ತಿಗೂ ತಿಳಿದಿರಲಿಲ್ಲ.

ಬಿಸಿಲು ಇಳಿಮುಖವಾದ ಮೇಲೆ ಅವರು ಬಂದರು. ಮುದುಕ ಏಸಿಯಿಲ್ಲದ ಬಾಡಿಗೆ ಕಾರಿನ ಬಾಗಿಲು ತೆಗೆದು, ಹೆಂಡತಿಯ ತೋಳು ಹಿಡಿದು, ಬಿಸಿನೀರಿನ ಪಾತ್ರೆ ಒಯ್ಯುವವನ ಹಾಗೆ ಜೋಪಾನವಾಗಿ ಶೆಡ್ಡಿನೊಳಗೆ ಕರೆತಂದ. ಸಣ್ಣ ಹೆಂಗಸು; ಕತ್ತಿನ ಸುತ್ತ ಒದ್ದೆ ಟವೆಲ್ಲು, ಅದರ ನೀರು ರವಿಕೆಯ ಬೆನ್ನಿಗೆ ಇಳಿದಿತ್ತು. ಇಷ್ಟು ಹೊತ್ತು ಬಿಸಿಲಲ್ಲಿ ಬಂದ ಮುಖ ಒಣಗಿದ ಕಾಗದದಂತೆ ಕಾಣುತ್ತಿತ್ತು, ಒಂದು ಹನಿ ಬೆವರಿಲ್ಲ. ಎಲ್ಲರೂ ತೊಟ್ಟಿಕ್ಕುತ್ತ ನಿಂತಿದ್ದ ಜಾಗದಲ್ಲಿ ಆ ಒಣ ಮುಖವನ್ನು ನೋಡುವುದೇ ಅವನಿಗೆ ಕಷ್ಟವಾಯಿತು. ಮುದುಕ ಅವಳನ್ನು ಮೆಟ್ಟಿಲು ಹತ್ತಿಸಿ ಹಿಂದಿನ ಕೋಣೆಗೆ ಒಯ್ದ. ಮಂಚದ ಮೇಲೆ ಕೈಯಾಡಿಸುವುದು, ಕಿಟಕಿಯ ಚಿಲಕ ತೆಗೆದು ಹಾಕುವುದು ಕೇಳಿಸಿತು.

“ಏನ್ರೀ, ಇಷ್ಟು ದಿನ ಇದರಲ್ಲಿ ಈರುಳ್ಳಿ ಹೊತ್ತ್ರಿ, ಸಿಮೆಂಟು ಹೊತ್ತ್ರಿ. ಒಂದು ದಿನ ನನ್ನ ಹತ್ತಿಸಿಕೊಂಡ್ರಾ?”

“ಈಗ ಹತ್ತಿಸ್ದೆನಲ್ಲೇ.”

“ಹೂಂ, ಮುದುಕಿ ಆದ್ಮೇಲೆ. ಈರುಳ್ಳಿಗಿಂತ ಕಡೆ ನಾನು.”

ವೆಲ್ಡರ್ ನಕ್ಕ. ಭಾವ ಕೈ ಮುಗಿದು, “ಕೂತ್ಕೊಂಡು ನೋಡಿ ಅಮ್ಮ, ಅಲ್ಲಿ ತಲೆಕಡೆಯಿಂದಾನೇ ತಂಪು ಬರುತ್ತೆ. ನಮ್ಮ ಗಾಳಿ ಇದಾನಲ್ಲ, ಅವನ ಕೈಗುಣ ದೊಡ್ಡದು,” ಎಂದರು. ಆಕೆ ಕಿಟಕಿಯಿಂದ ಇಣುಕಿ, “ಇವರೇನಾ?” ಎಂದು ಅವನನ್ನು ಹುಡುಕಿದಳು. “ಅಪ್ಪಾ, ನನಗೆ ಬೇರೇನೂ ಬೇಡ. ಮಗಳು ನೋವು ತಿನ್ನೋ ಹೊತ್ತಿಗೆ ನಾನು ಎಚ್ಚರವಾಗಿ ಪಕ್ಕದಲ್ಲಿರ್ಬೇಕು. ಅಲ್ಲಿಗೆ ಹೋಗಿ ನಾನೇ ಬಿದ್ದು, ಅವಳು ನನ್ನ ನೋಡ್ಕೊಳ್ಳೋ ಹಾಗೆ ಆಗಬಾರ್ದು. ಅಷ್ಟು ಮಾಡಿಕೊಟ್ರೆ ನಿಮ್ಮ ಹೆಸರು ಹೇಳ್ತೀನಿ.” ಅವಳ ಕಣ್ಣಲ್ಲಿ ಆ ಬಾವಿಯ ಮುದುಕಿಯ ಸಮಾಧಾನ. ಅವನೊಳಗೆ ಅದೇ ಹಳೆಯ ಅಸಹ್ಯ ಎದ್ದಿತು: ಯಾಕೆ ಇಷ್ಟು ನಂಬುತ್ತಾಳೆ ಇವಳು, ಒಮ್ಮೆ ಅನುಮಾನದಿಂದ ನೋಡಬಾರದೇ, ನೀನು ಸರಿಯಾಗಿ ಮಾಡಿದ್ದೀಯೇನೋ ಎಂದು ಜುಟ್ಟು ಹಿಡಿದು ಕೇಳಬಾರದೇ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದುಕೊಂಡ. ಹಾಗೆ ಅಂದುಕೊಂಡದ್ದೂ ಸುಳ್ಳೆಂದು ಅವನಿಗೇ ಗೊತ್ತಾಯಿತು.

ಗ್ಯಾಸು ತುಂಬುವ ಮುಂಚೆ ಪೈಪುಗಳಿಗೆ ನೈಟ್ರೋಜನ್ ಒತ್ತಿ, ಎಲ್ಲಿಯೂ ಸೋರುತ್ತಿಲ್ಲವೆಂದು ನೋಡಬೇಕು. ಒತ್ತಿದ. ಗೇಜಿನ ಮುಳ್ಳು ಏರಿ, ಏರಿದಲ್ಲೇ ಅಲುಗಾಡದೆ ನಿಂತಿತು. ಎಲ್ಲೂ ಸೋರಿಕೆಯಿಲ್ಲ, ಕೆಲಸ ಅಚ್ಚುಕಟ್ಟು. “ನಿಂತಿದೆಯಲ್ಲ? ತುಂಬ್ಸು ಹಾಗಾದ್ರೆ,” ಎಂದರು ಭಾವ ಹಿಂದಿನಿಂದ. ಮುದುಕನೂ ಇಳಿದು ಬಂದು ಭಾವನ ಪಕ್ಕ ನಿಂತ. ಇವನು ಮತ್ತೆ ಲಾರಿಯ ಮೂತಿಗೆ ಬಗ್ಗಿದ. ಬೋಲ್ಟು ಬಿಗಿಯುವಾಗ ಕಂಡೆನ್ಸರಿನ ಅಂಚಿನಲ್ಲಿ ಕೆಲವು ರೆಕ್ಕೆ ಮಡಿಸಿಕೊಂಡಿದ್ದವು. ಅವನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಬಿಡಿಸಿ ನೆಟ್ಟಗೆ ಮಾಡತೊಡಗಿದ. ಬೇಕಿರಲಿಲ್ಲ. ಆದರೂ ಮಾಡುತ್ತ ಹೋದ, ಮಗುವಿನ ತಲೆ ಬಾಚುವ ಹಾಗೆ. ಬೆನ್ನ ಹಿಂದೆ ಮುದುಕ ಯಾವ ಊರಲ್ಲಿ ಡೀಸೆಲ್ ಹಾಕಿಸಬೇಕು, ಎಲ್ಲಿ ಊಟಕ್ಕೆ ನಿಲ್ಲಿಸಬೇಕು ಎಂದು ಭಾವನಿಗೆ ಹೇಳುತ್ತಿದ್ದ. ಆಮೇಲೆ ಬಯಲು, ಬಯಲಲ್ಲಿ ನಿಲ್ಲಿಸುವುದೇ ಬೇಡ, ಒಂದೇ ಉಸಿರು. ಮೇಲಿನಿಂದ ಆ ಹೆಂಗಸು ಏನೋ ಗುನುಗುತ್ತಿದ್ದಳು. ತಿರುಗಿ ನಿಂತು ಒಂದು ಮಾತು ಹೇಳಬೇಕು. ಲೋಟದಲ್ಲಿ ಎಣ್ಣೆ ಬಿಟ್ಟವನು ನಾನು. ಅಷ್ಟೇ ಮಾತು. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು, ಮೊಟ್ಟೆಯ ಹಳದಿ ಇನ್ನೂ ಅಲ್ಲೇ ಇತ್ತು. ಅವನ ಕೈ, ನಾಲಿಗೆಗಿಂತ ಮೊದಲು, ಸ್ಕ್ರೂಡ್ರೈವರಿನ ತುದಿಯನ್ನು ಎರಡು ರೆಕ್ಕೆಗಳ ನಡುವಿನ ಚಪ್ಪಟೆ ನಾಳದ ಮೇಲೆ ಇಟ್ಟಿತು. ಇಟ್ಟು, ಹಿಡಿಯ ಮೇಲೆ ಅಂಗೈ ಒತ್ತಿತು.

ಹಾವು ಬುಸುಗುಟ್ಟಿದ ಹಾಗೆ ಸದ್ದಾಯಿತು. ಬಿರುಸಾದ ಉಸಿರಿನಂಥದ್ದು ಮುಖಕ್ಕೆ ಹೊಡೆಯಿತು. ಗೇಜಿನ ಮುಳ್ಳು ಸರಸರ ಇಳಿದು ಸೊನ್ನೆಗೆ ಬಿತ್ತು. ಅವನು ಹಿಂದೆ ಸರಿದ. ಕೆನ್ನೆಯ ಮೇಲೆ, ತುಟಿಯ ಮೇಲೆ ತಣ್ಣಗೆ ಏನೋ ಚಿಮುಕಿದಂತಿತ್ತು.

“ಏನಾಯ್ತು? ಏನಾಯ್ತೋ?”

“ಕೈ... ಜಾರ್ತು.”

ಭಾವ ಬಂದು ಮೂತಿಯೊಳಗೆ ಇಣುಕಿದರು, ನಾಳದ ತೂತು ನೋಡಿದರು, ಆಮೇಲೆ ಅವನ ಮುಖ ನೋಡಿದರು. ಅವನ ಮುಖದ ಮೇಲೆ ಬೂದು ಹನಿಗಳು, ಒಂದೊಂದರಲ್ಲೂ ಮಿನುಗು. ಅದೆಲ್ಲ ತೊಳೆದುಹೋಗಿದೆ ಎಂದು ಬೆಳಗಿನಿಂದ ಇಬ್ಬರೂ ಒಪ್ಪಿಕೊಂಡಿದ್ದ ಮಸಿ.  ಮುದುಕ ಆಚೆಯಿಂದ ಬರುವ ಹೆಜ್ಜೆ ಕೇಳುತ್ತಿದ್ದಂತೆ, ತಮ್ಮ ಮೈಯನ್ನು ಅಡ್ಡ ಮಾಡಿ, ಹೆಬ್ಬೆರಳಿನಿಂದ ಅವನ ಕೆನ್ನೆಯನ್ನು, ತುಟಿಯನ್ನು ಗಸಗಸ ಒರೆಸಿದರು, ತಾಯಿ ಮಗುವಿನ ಮೂತಿ ಒರೆಸುವ ಹಾಗೆ. ಒರೆಸಿದವರೇ ತಿರುಗಿ ದನಿ ಎತ್ತಿದರು.

“ಬುದ್ಧಿ ಇದೆಯೇನೋ ನಿನಗೆ? ಇಷ್ಟು ವರ್ಷದ ಕಸುಬು, ಒಂದು ಸ್ಕ್ರೂಡ್ರೈವರ್ ಹಿಡಿಯಕ್ಕೆ ಬರಲ್ವಾ? ದನ ಕಾಯೋರು ಇದಕ್ಕಿಂತ ನೆಟ್ಟಗೆ ಮಾಡ್ತಾರೆ!” ಆಮೇಲೆ ಮುದುಕನ ಕಡೆ, ಬೇರೆಯೇ ದನಿಯಲ್ಲಿ: “ಯಜಮಾನ್ರೇ, ತಪ್ಪಾಯ್ತು. ಹೊಸದೇ ಹಾಕಿಸ್ತೀನಿ, ನನ್ನ ಕೈಯಿಂದ. ದಿನ ಹಿಡಿಯುತ್ತೆ. ಏನ್ಮಾಡ್ಲಿ ಹೇಳಿ, ಮನೆಯವನು. ತಂಗಿ ಮುಖ ನೋಡ್ಕೊಂಡು ಇಟ್ಕೊಂಡಿದ್ದೀನಿ.”

ಮುದುಕ ಲಾರಿಯ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತ, ಮೈ ಹುಷಾರಿಲ್ಲದ ಎತ್ತಿನ ಬೆನ್ನ ಮೇಲೆ ಇಡುವ ಹಾಗೆ. ಮೇಲೆ ಗುನುಗುವುದು ನಿಂತಿತ್ತು. ಕಿಟಕಿಯಲ್ಲಿ ಆಕೆಯ ಮುಖ ಕಂಡಿತು. “ಅಂದ್ರೆ ನಾಳೆ ಇಲ್ವಾ?” ಎಂದು ಕೇಳಿದಳು. ಗಂಡನ ಮುಖ ನೋಡಿ ಅವಳೇ, “ಇಲ್ಲ ಅನ್ನಿ,” ಎಂದಳು. ಇಳಿಯುವಾಗ ಮೆಟ್ಟಿಲ ಬಳಿ ನಿಂತು, ತಲೆ ತಗ್ಗಿಸಿದ್ದ ಅವನ ಕಡೆ ನೋಡಿದಳು. ಕೋಪವಿರಲಿಲ್ಲ. “ನಿಮ್ಮ ಕೈ ಜಾರ್ತಂತಲ್ಲಪ್ಪ. ಇವರಿಗೂ ಹೀಗೇ ಆಗ್ತಿತ್ತು, ಕಣ್ಣಿನ ದೋಷ. ಒಂದ್ಸಲ ತೋರಿಸ್ಕೊಳ್ಳಿ.” ಅವನು ತಲೆಯಾಡಿಸಿದ. ನೀನು ದಾರಿಯಲ್ಲಿ ಸಾಯದಿರಲಿ ಎಂದು ಹೀಗೆ ಮಾಡಿದೆ ಎಂದು ಹೇಳಲು ಬರುವಂತಿರಲಿಲ್ಲ. ಮಗಳು ನೋವು ತಿನ್ನುವ ಹೊತ್ತಿಗೆ ಇವಳು ಇಲ್ಲೇ, ಆ ಮುಚ್ಚಿದ ಕೋಣೆಯಲ್ಲಿ, ಫೋನಿಗೆ ಕಿವಿ ಕೊಟ್ಟು ಕೂತಿರುತ್ತಾಳೆ. ಕಂಪ್ರೆಸರ್ ಕಚ್ಚಿಕೊಂಡ ದಿನವೇ ಒಂದು ಮಾತು ಬಾಯಿಂದ ಬಂದಿದ್ದರೆ, ಮುದುಕ ಬೇರೆ ಯಾವ ಗಾಡಿಯೋ, ಯಾವ ದಾರಿಯೋ ಹುಡುಕಿಕೊಳ್ಳಲು ಎರಡು ದಿನವಾದರೂ ಸಿಕ್ಕಿರುತ್ತಿತ್ತು. ಬಾವಿಯಿಂದ ಬೆಕ್ಕನ್ನು ಎತ್ತಿದ ಅಪ್ಪ ಮಾತಾಡಲಿಲ್ಲ. ತಾನೂ ಅಷ್ಟೇ, ಬಾವಿಗೆ ಕಲ್ಲು ಹಾಕಿ ಮುಚ್ಚಿದೆ, ಮಾತಾಡಲಿಲ್ಲ.

ಕಾರು ಹೋಯಿತು. ವೆಲ್ಡರ್ ತನ್ನ ಸಾಮಾನು ಎತ್ತಿಡತೊಡಗಿದ. ಗಾಳಿ ಮೇಸ್ತ್ರಿ ಕಂಡೆನ್ಸರಿನ ಬೋಲ್ಟುಗಳನ್ನು ಬಿಚ್ಚಿ, ಅದನ್ನು ಎರಡೂ ಕೈಯಲ್ಲಿ ಹೊತ್ತು ಹೊರಗೆ ಗುಜರಿಯ ರಾಶಿಯ ಮೇಲೆ ಇಟ್ಟ. ಬಂದು ನೋಡಿದರೆ ಭಾವ ಅದೇ ಟೈರಿನ ಮೇಲೆ ಕೂತಿದ್ದರು, ತೊಡೆಯ ಮೇಲೆ ಡಬ್ಬಿ. ಗೋಡೆಯ ಹಲಗೆಯ ಮೇಲೆ ಲೋಟ ಬೋರಲಾಗೇ ಇತ್ತು; ಬಾಗಿಲಿಂದ ಓರೆಯಾಗಿ ಬಂದ ಬಿಸಿಲು ಅದರ ತಳಕ್ಕೆ ತಾಗಿತ್ತು.

“ಕೂತ್ಕೋ.”

ಕೂತ. ಭಾವ ಮೊಟ್ಟೆ ಒಡೆದು ಸಿಪ್ಪೆ ಸುಲಿಯುತ್ತ, ಅವನ ಕಡೆ ನೋಡದೆ, “ಜಾರ್ತು ಅಲ್ವಾ?” ಎಂದರು.

“ಹೂಂ.”

“ಜಾರುತ್ತೆ.” ಸಿಪ್ಪೆಯ ಒಂದು ಚೂರು ಬಿಡದೆ ತೆಗೆದರು. “ಆಯ್ತು ಬಿಡು. ತಂಗಿಗೆ ನಾನೇನೂ ಹೇಳಲ್ಲ.”

ಮುರಿದ ಅರ್ಧ ಅವನ ಮುಂದೆ ಬಂತು. ಹೆಬ್ಬೆರಳಿನ ಗುರುತು ಬಿಳಿಯ ಮೇಲೆ ಗಾಢವಾಗಿ ಕೂತಿತ್ತು, ಸುತ್ತುಸುತ್ತು ಗೆರೆಗಳು; ಗೆರೆಗಳ ಸಂದಿಯಲ್ಲೆಲ್ಲ ಬೆಳ್ಳಿಮಸಿ, ಅವನ ಕೆನ್ನೆಯಿಂದ ಒರೆಸಿದ್ದು, ಸಂಜೆಯ ಬಿಸಿಲಿಗೆ ಸಣ್ಣಗೆ ಹೊಳೆಯುತ್ತಿತ್ತು. ಭಾವನೂ ಅದನ್ನು ನೋಡಿದರು. ಒರೆಸಲಿಲ್ಲ, ಕೈ ಹಿಂದೆಯೂ ತೆಗೆದುಕೊಳ್ಳಲಿಲ್ಲ. “ತಗೋ, ಬೆಳಗಿಂದ ಅರ್ಧ ಮೊಟ್ಟೆ ಬಿಟ್ರೆ ಹೊಟ್ಟೆಗೆ ಏನೂ ಬಿದ್ದಿಲ್ಲ ನಿನಗೆ.”

ಗುರುತಿಲ್ಲದ ಕಡೆ ಹುಡುಕುವುದನ್ನು ಅವನು ಈ ಸಲ ಮಾಡಲಿಲ್ಲ. ಇಡಿಯಾಗಿ ಬಾಯಿಗೆ ಹಾಕಿಕೊಂಡ. ಹಲ್ಲಿನ ನಡುವೆ ಕರಕ್ ಎಂದಿತು. ಕಿವಿಯೊಳಗೆ ಆ ಸದ್ದು ಕಚ್ಚಿಕೊಂಡ ಕಂಪ್ರೆಸರಿನ ಹಾಗೆ ಕೇಳಿಸಿತು. ಅಗಿದ, ಮತ್ತೆ ಅಗಿದ, ನುಂಗಿದ.

“ಉಳಿದರ್ಧಾನೂ ನೀನೇ ತಿನ್ನು,” ಎಂದರು ಭಾವ, ಬೆನ್ನ ಮೇಲೆ ಕೈಯಿಟ್ಟು.

ಅವನು ಕೈ ಚಾಚಿದ.